ಸಣ್ಣ ವ್ಯಾಪಾರಕ್ಕೆ ಎಂಥ ಕಂಪ್ಯೂಟರ್?

(ಸಯನ್‌ನಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘದ ಕೋಣೆಗೆ ಬರುವವರು ಮೊದಲೆಲ್ಲ ಕೇಳುತ್ತಿದ್ದುದು ಬಾಕಿ ಪಗಾರದ ಮಾತು, ಪ್ರಾವಿಡೆಂಟ್ ಫಂಡಿನ ಮಾತು, ಊರಿಗೆ ಹೋಗಲು ರಜೆ ಸಿಗದ ಮಾತು. ಆ ಮಾತುಗಳು ಈಗಲೂ ನಿಂತಿಲ್ಲ. ಅವುಗಳ ಜೊತೆಗೆ ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ: "ಒಂದು ಚಿಕ್ಕ ಅಂಗಡಿ ಇಟ್ಟಿದ್ದೇವೆ, ಕಂಪ್ಯೂಟರ್ ಒಂದು ಬೇಕಾಗಿದೆ, ಯಾವುದನ್ನು ತಕ್ಕೊಳ್ಳುವುದು?" ಹೀಗೆ ಕೇಳುವವರು ಯಾರು? ಇಪ್ಪತ್ತು ವರ್ಷ ಬೇರೆಯವರ ಹೋಟೆಲಿನಲ್ಲಿ ದುಡಿದು, ಫಂಡಿನ ಹಣವನ್ನೂ ಚೀಟಿಯ ಹಣವನ್ನೂ ಕೂಡಿಸಿ, ಕೋಳಿವಾಡದ ಕಡೆ ಒಂದು ಗಾಳಾ ಬಾಡಿಗೆಗೆ ಹಿಡಿದು ಖಾನಾವಳಿ ತೆರೆದವರು. ಮನೆಯಲ್ಲಿಯೇ ಅಡಿಗೆ ಮಾಡಿ ಡಬ್ಬಿ ಕಳಿಸುವ ನಮ್ಮ ಅಕ್ಕತಂಗಿಯರು. 1982ರ ಗಿರಣಿ ಮುಷ್ಕರದ ನಂತರ ಕೆಲಸ ಕಳಕೊಂಡ ಮನೆಗಳ ಮಕ್ಕಳು, ಈಗ ಝೆರಾಕ್ಸ್ ಅಂಗಡಿ ಇಟ್ಟು ಮ್ಹಾಡಾ ಲಾಟರಿಯ ಅರ್ಜಿ, ಪ್ಯಾನ್ ಕಾರ್ಡಿನ ಅರ್ಜಿ ತುಂಬಿಕೊಡುವವರು.

ಇವರ ಕೈಯಲ್ಲಿರುವ ಹಣ ಬ್ಯಾಂಕಿನ ಹಣವಲ್ಲ, ಅಜ್ಜ ಬಿಟ್ಟುಹೋದ ಆಸ್ತಿಯೂ ಅಲ್ಲ. ಅದು ಎಂಜಲು ತಟ್ಟೆ ಎತ್ತಿದ ಹಣ, ರಾತ್ರಿ ಪಾಳಿ ಮಾಡಿದ ಹಣ. ಅಂಥ ಹಣದಲ್ಲಿ ಇಪ್ಪತ್ತೈದೋ ಮೂವತ್ತೋ ಸಾವಿರ ಒಂದೇ ಮಧ್ಯಾಹ್ನದಲ್ಲಿ ಅಂಗಡಿಯವನ ಮಾತಿಗೆ ಮರುಳಾಗಿ ಹೋಗಿಬಿಡಬಾರದು ಎಂಬುದಕ್ಕಾಗಿ ಈ ವಿಷಯವನ್ನು ಸಭೆಯ ಮುಂದೆ ಇಟ್ಟಿದ್ದೇವೆ. ನಾವು ಓದಿದ್ದು ಏಳನೆಯ ಇಯತ್ತೆಯಷ್ಟೇ. ಇಂಜಿನಿಯರುಗಳ ಮಾತು ನಮಗೆ ಬಾರದು. ಆದರೆ ಸಾಮಾನು ಕೊಳ್ಳುವುದು ಹೇಗೆ ಎಂಬುದು ಹೋಟೆಲಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಹಿರಿಯರಲ್ಲಿ ಕೆಲವರಿಗೆ ಈ ಯಂತ್ರದ ಹೆಸರು ಕೇಳಿದರೇ ಸಿಟ್ಟು. ಅದಕ್ಕೆ ಕಾರಣವಿದೆ. 1960ರಲ್ಲಿ ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಟಿಫ್ರಾಕ್ ಎಂಬ ಗಣಕಯಂತ್ರ ಕೆಲಸಕ್ಕೆ ನಿಂತಾಗ ಅದು ವಿಜ್ಞಾನಿಗಳ ವಿಷಯವಾಗಿತ್ತು. ಅದೇ ದಶಕದಲ್ಲಿ ಜೀವವಿಮಾ ನಿಗಮ ಕಂಪ್ಯೂಟರ್ ತರಲು ಹೊರಟಾಗ ನೌಕರರು ಕೆಲಸ ಹೋದೀತೆಂದು ಹೋರಾಟಕ್ಕಿಳಿದರು. ಕಲಕತ್ತೆಯಲ್ಲಿ ಆ ಹೋರಾಟ ವರ್ಷಗಟ್ಟಲೆ ನಡೆಯಿತು. ಧನಿಯ ಕೈಯಲ್ಲಿರುವ ಯಂತ್ರದ ಮಾತು ಬೇರೆ, ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ. ಇಂದು ನಾವು ಹೇಳುತ್ತಿರುವುದು ನಮ್ಮವರೇ ತಮ್ಮ ಗಲ್ಲೆಯ ಪಕ್ಕದಲ್ಲಿ ಇಟ್ಟುಕೊಳ್ಳುವ ಯಂತ್ರದ ಮಾತು.

ಮೊದಲನೆಯ ಪ್ರಶ್ನೆ, ಕಂಪ್ಯೂಟರ್ ಬೇಕೇ? ಚಹಾದ ಗಾಡಿಗೆ ಬೇಡ. ಪಾನ್‌ಪಟ್ಟಿಯ ಅಂಗಡಿಗೆ ಬೇಡ. ಅಲ್ಲಿ ಒಂದು ಮೊಬೈಲು, ಹಣ ಪಡೆಯಲು ಗೋಡೆಗೆ ಅಂಟಿಸಿದ ಯುಪಿಐ ಚೀಟಿ, ಉದ್ರಿ ಬರೆಯಲು ಒಂದು ಪುಸ್ತಕ, ಇಷ್ಟು ಸಾಕು. ಆದರೆ ತಿಂಗಳ ಗಿರಾಕಿಗಳಿರುವ ಖಾನಾವಳಿಯ ಮಾತು ನೋಡಿ. ಅರವತ್ತು ಮಂದಿ, ದಿನಕ್ಕೆ ಎರಡು ಊಟ, ಮೂವತ್ತು ದಿನ. ಒಟ್ಟು 3,600 ಊಟದ ಗುರುತು. ಅದರಲ್ಲಿ ಯಾರು ಊರಿಗೆ ಹೋಗಿದ್ದರು, ಯಾರು ಒಂದು ಹೊತ್ತು ತಪ್ಪಿಸಿದರು, ಯಾರು ಅತಿಥಿಯನ್ನು ಕರೆತಂದರು ಎಂದು ತಿಂಗಳ ಕೊನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಕುಳಿತು ಕೂಡಿಸುವಾಗ ನಷ್ಟವಾಗುವುದು ಅಂಗಡಿಯವನಿಗೇ.

ಇನ್ನು ಸರಕಾರದ ಲೆಕ್ಕ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಿದೆ. ಖಾನಾವಳಿಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಹೆಸರು ನೋಂದಾಯಿಸಬೇಕು. 20 ಲಕ್ಷ ಎಂದರೆ ಶ್ರೀಮಂತರ ಮಾತೆಂದು ತಿಳಿಯಬೇಡಿ. ದಿನಕ್ಕೆ 5,500 ರೂಪಾಯಿ ವ್ಯಾಪಾರ ವರ್ಷವಿಡೀ ಆದರೆ ಅಷ್ಟಾಗುತ್ತದೆ. ಒಮ್ಮೆ ನೋಂದಾಯಿಸಿದ ಮೇಲೆ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ಲೆಕ್ಕ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳವರೆಗೆ ಕಾದಿಡಬೇಕು. ಒಟ್ಟಿನಲ್ಲಿ ಏಳು ವರ್ಷದ ಹತ್ತಿರ. ತಿಂಡಿಯ ಬಿಲ್ಲಿನ ಮೇಲೆ ಆಹಾರ ಇಲಾಖೆಯ 14 ಅಂಕಿಯ ಸಂಖ್ಯೆಯನ್ನು ಮುದ್ರಿಸುವುದು 2022ರ ಜನವರಿಯಿಂದ ಕಡ್ಡಾಯವಾಗಿದೆ. ಇಷ್ಟೆಲ್ಲ ಮಾಡುವಾಗ ಯಂತ್ರ ಒಂದಿದ್ದರೆ ಕೈ ಹಗುರ. ಅಂಥವರು ಕೊಳ್ಳಲಿ.

ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಂಡು, ಈ ಯಂತ್ರದಿಂದ ನಮಗೆ ಆಗಬೇಕಾದ ಕೆಲಸ ಯಾವುದು ಎಂಬುದನ್ನು ಬರೆಯಿರಿ. ಬಿಲ್ಲು ಮುದ್ರಿಸುವುದು, ತಿಂಗಳ ಗಿರಾಕಿಗಳ ಲೆಕ್ಕ, ಕಿರಾಣಿ ಖರೀದಿಯ ಲೆಕ್ಕ, ತಿಂಡಿಯ ಪಟ್ಟಿ ಬರೆಯುವುದು, ಅರ್ಜಿ ತುಂಬುವುದು. ಬಹುಮಂದಿಯ ಹಾಳೆಯಲ್ಲಿ ಇದಕ್ಕಿಂತ ಹೆಚ್ಚಿಗೆ ಏನೂ ಇರುವುದಿಲ್ಲ. ಈ ಕೆಲಸಕ್ಕೆ ಬಲು ದೊಡ್ಡ ಯಂತ್ರ ಬೇಕಾಗಿಲ್ಲ. ಹತ್ತು ಮೇಜಿನ ಖಾನಾವಳಿಗೆ ಮದುವೆ ಮನೆಯ ಗ್ರೈಂಡರು ತಂದವರುಂಟೇ? ಆಟದ ಹುಡುಗರು ಕೇಳುವ ಗ್ರಾಫಿಕ್ಸ್ ಕಾರ್ಡು, ಬಣ್ಣದ ದೀಪ ಮಿನುಗುವ ಪೆಟ್ಟಿಗೆ, ಇವುಗಳಿಗೆ ನಮ್ಮಲ್ಲಿ ಕೆಲಸವಿಲ್ಲ. ಅವು ಬೇಸಿಗೆಯಲ್ಲಿ ಬಿಸಿಯನ್ನೂ, ಬೆಸ್ಟ್‌ನ ಬಿಲ್ಲಿನಲ್ಲಿ ಯೂನಿಟ್ಟನ್ನೂ ಹೆಚ್ಚಿಸುತ್ತವೆ. ಕಚೇರಿಗಾಗಿ ಮಾಡಿದ ಚಿಕ್ಕ ಯಂತ್ರವೊಂದು ಪರದೆ ಸೇರಿ 60 ವಾಟ್ ತಿಂದರೆ, ಹತ್ತು ಗಂಟೆಗೆ ಮುಕ್ಕಾಲು ಯೂನಿಟ್ಟೂ ಆಗುವುದಿಲ್ಲ.

ಲ್ಯಾಪ್‌ಟಾಪ್ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಹೊತ್ತು ತಿರುಗುವ ಕೆಲಸವಿದ್ದರೆ ಆಗಲಿ. ಅಂಗಡಿಯಲ್ಲೇ ಇರುವುದಾದರೆ ಮೇಜಿನ ಕಂಪ್ಯೂಟರೇ ಲೇಸು. ಕೀಲಿಮಣೆಯ ಮೇಲೆ ಚಹಾ ಚೆಲ್ಲಿದರೆ ಕೆಲವು ನೂರು ರೂಪಾಯಿಯ ಕೀಲಿಮಣೆ ಹೋಯಿತು, ಅಷ್ಟೇ. ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದರೆ ಯಂತ್ರವೇ ಹೋದೀತು. ಬಿಡಿಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು.

ಈಗ ಮುಖ್ಯವಾದ ಭಾಗಕ್ಕೆ ಬರುತ್ತೇವೆ. ಅಂಗಡಿಯವನು ಮೊದಲು ಹೇಳುವುದು, "ಅಣ್ಣಾ, ಐ-7 ಇದೆ, ಹದಿನಾರು ಜಿಬಿ ಇದೆ, ಬರೇ ಇಷ್ಟಕ್ಕೆ ಕೊಡುತ್ತೇನೆ." ಐ-3, ಐ-5, ಐ-7 ಎಂಬುವು ಒಳಗಿನ ಚಿಪ್ಪಿನ ಜಾತಿಯ ಹೆಸರು. ಅದು ಯಾವ ವರ್ಷದ ಬೆಳೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ನಾವು ಅಕ್ಕಿ ಕೊಳ್ಳುವಾಗ ಗೋಣಿಯ ಮೇಲಿನ ಚಿತ್ರ ನೋಡಿ ಕೊಳ್ಳುತ್ತೇವೆಯೇ? ಒಂದು ಹಿಡಿ ಕೈಗೆ ಹಾಕಿ ಉಜ್ಜಿ ನೋಡಿ, ಹೊಸದೋ ಹಳೆಯದೋ ಎಂದು ಕೇಳುತ್ತೇವೆ. ಇಲ್ಲಿಯೂ ಹಾಗೆಯೇ ಕೇಳಬೇಕು. ಒಂದೇ ಭೇದ, ಅಕ್ಕಿ ಹಳೆಯದಾದಷ್ಟೂ ಅನ್ನ ಚೆನ್ನ. ಚಿಪ್ಪು ಹಳೆಯದಾದಷ್ಟೂ ಕೆಲಸ ಕುಂಟುತ್ತದೆ.

ಬೆಳೆಯ ವರ್ಷವನ್ನು ತಿಳಿಯುವ ಉಪಾಯ ಸುಲಭ. ಇಂಟೆಲ್ ಕಂಪನಿಯ ಈ ಚಿಪ್ಪುಗಳ ಹೆಸರಿನ ಮುಂದೆ ಒಂದು ಸಂಖ್ಯೆ ಇರುತ್ತದೆ. ಐ-5 8500 ಎಂದಿದ್ದರೆ ನಾಲ್ಕು ಅಂಕಿಗಳಲ್ಲಿ ಮೊದಲನೆಯದು 8, ಅದು ಎಂಟನೆಯ ಪೀಳಿಗೆ, 2018ರದು. ಐ-3 12100 ಎಂದಿದ್ದರೆ ಐದು ಅಂಕಿಗಳಲ್ಲಿ ಮೊದಲಿನ ಎರಡು ಸೇರಿ 12, ಹನ್ನೆರಡನೆಯ ಪೀಳಿಗೆ. ಐ-7 3770 ಎಂದಿದ್ದರೆ ಮೂರನೆಯ ಪೀಳಿಗೆ, ಅದು ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಈ 2012ರ ಐ-7ಅನ್ನೇ ಹೊಸ ಕಪ್ಪು ಪೆಟ್ಟಿಗೆಯಲ್ಲಿ ಹಾಕಿ, ಹೊಸ ಕೀಲಿಮಣೆ ಸೇರಿಸಿ, "ಐ-7" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಮಾರುವುದು ನಡೆಯುತ್ತಿದೆ. ಪೆಟ್ಟಿಗೆ ಹೊಸದು, ಹೊಟ್ಟೆ ಹಳೆಯದು. ಆದುದರಿಂದ ಪೂರ್ತಿ ಸಂಖ್ಯೆ ಹೇಳದ ಅಂಗಡಿಯಿಂದ ಎದ್ದು ಬನ್ನಿ.

ಎಂಟು ಎಂಬ ಈ ಅಂಕಿಯನ್ನು ನೆನಪಿಡಿ ಎನ್ನುವುದಕ್ಕೆ ಕಾರಣವಿದೆ. ಹೆಚ್ಚಿನ ಕಂಪ್ಯೂಟರುಗಳು ನಡೆಯುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಂಬ ತಂತ್ರಾಂಶದ ಮೇಲೆ. ಅದರ ಹತ್ತನೆಯ ಆವೃತ್ತಿಗೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಅಂದೇ ನಿಲ್ಲಲಿಲ್ಲ, ಈಗಲೂ ಓಡುತ್ತದೆ. ಆದರೆ ಕಳ್ಳರು ಹೊಸ ಕಿಂಡಿ ಕಂಡುಹಿಡಿದಾಗ ಅದನ್ನು ಮುಚ್ಚುವ ರಿಪೇರಿ ಮೊದಲಿನಂತೆ ತಾನಾಗಿ ಬರುವುದಿಲ್ಲ. ಬ್ಯಾಂಕಿನ ಕೆಲಸ, ಗಿರಾಕಿಗಳ ಆಧಾರ್ ಕಾಗದದ ಕೆಲಸ ಮಾಡುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ. ಹನ್ನೊಂದನೆಯ ಆವೃತ್ತಿಯನ್ನು ಕಂಪನಿಯ ನಿಯಮದಂತೆ ಹಾಕಬೇಕಾದರೆ ಇಂಟೆಲಿನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಎಎಂಡಿ ಕಂಪನಿಯದಾದರೆ ರೈಝೆನ್ 2000ದ ಸಾಲಿನದೋ ನಂತರದ್ದೋ ಆಗಿರಬೇಕು. ಆರನೆಯ, ಏಳನೆಯ ಪೀಳಿಗೆಯ ಯಂತ್ರಗಳು ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಆರು ಏಳರ ಯಂತ್ರ ಕೆಲಸಕ್ಕೇ ಬಾರದೆಂದು ಹೇಳುತ್ತಿಲ್ಲ. ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ತಂತ್ರಾಂಶಗಳಿವೆ, ಅವಕ್ಕೆ ಹಣ ಕೊಡಬೇಕಾಗಿಲ್ಲ, ರಿಪೇರಿಯೂ ಬರುತ್ತಿರುತ್ತದೆ. ಅರ್ಜಿ ತುಂಬುವುದು, ಪತ್ರ ಬರೆಯುವುದು, ಜಿಎಸ್‌ಟಿಯ ತಾಣ ತೆರೆಯುವುದು ಎಲ್ಲ ಅದರಲ್ಲಿ ಆಗುತ್ತದೆ. ಆದರೆ ನಿಮ್ಮ ಲೆಕ್ಕದವರು ಟ್ಯಾಲಿಯಲ್ಲಿ ಕೆಲಸ ಮಾಡುವವರಾದರೆ ಅದು ವಿಂಡೋಸಿಗಾಗಿ ಮಾಡಿದ್ದು. ಬಿಲ್ಲಿನ ಪ್ರಿಂಟರಿಗೂ ಲಿನಕ್ಸಿಗೂ ಹೊಂದುತ್ತದೆಯೇ ಎಂದು ಮೊದಲೇ ಕೇಳಬೇಕು. ಹತ್ತಿರದಲ್ಲಿ ಲಿನಕ್ಸ್ ತಿಳಿದ ಹುಡುಗ ಒಬ್ಬ ಇದ್ದರೆ ಧೈರ್ಯವಾಗಿ ಹೋಗಿ, ಇಲ್ಲದಿದ್ದರೆ ಬೇಡ ಎಂಬುದು ನಮ್ಮ ಅಭಿಪ್ರಾಯ.

ಉಳಿದದ್ದು ಬೇಗ ಹೇಳುತ್ತೇವೆ. ರ‍್ಯಾಮ್ 8 ಜಿಬಿ ಇರಲಿ, ನಾಲ್ಕು ಬೇಡ. ಮುಂದೆ ಇನ್ನೊಂದು ಪಟ್ಟಿ ಸೇರಿಸಲು ಒಳಗೆ ಜಾಗ ಇದೆಯೇ ಎಂದು ಕೇಳಿ. ಲೆಕ್ಕ ಇಡುವ ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ, 256 ಜಿಬಿ ಸಾಕು. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ಪಕ್ಕದಲ್ಲಿ ಗ್ರೈಂಡರು ನಡುಗುವ ಜಾಗ ಅದಕ್ಕೆ ಆಗದು; ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಕೆಲಸವೂ ಎಷ್ಟೋ ಪಟ್ಟು ಚುರುಕು. ಒಂದು ಟಿಬಿ ಹಾರ್ಡ್ ಡಿಸ್ಕ್ ಕೊಡುತ್ತೇವೆಂದು ಆಸೆ ತೋರಿಸಿದರೆ ಬೀಳಬೇಡಿ, ಇಡ್ಲಿಯ ಲೆಕ್ಕಕ್ಕೆ ಅಷ್ಟು ದೊಡ್ಡ ಗೋದಾಮು ಬೇಡ.

ಹೊಸದೋ ಹಳೆಯದೋ? ನಮ್ಮವರಿಗೆ ನಾವು ಹೇಳುವುದು, ಚೆನ್ನಾಗಿ ಪರೀಕ್ಷಿಸಿ ಹಳೆಯದನ್ನೇ ಕೊಳ್ಳಿ ಎಂದು. ದೊಡ್ಡ ಕಚೇರಿಗಳವರು ಕೆಲವು ವರ್ಷ ಬಳಸಿ ಒಟ್ಟಿಗೆ ನೂರಾರು ಯಂತ್ರಗಳನ್ನು ಹೊರಗೆ ಹಾಕುತ್ತಾರೆ. ಡೆಲ್ಲಿನ ಆಪ್ಟಿಪ್ಲೆಕ್ಸ್, ಎಚ್‌ಪಿಯ ಪ್ರೋಡೆಸ್ಕ್, ಲೆನೋವೋದ ಥಿಂಕ್‌ಸೆಂಟರ್ ಎಂಬ ಹೆಸರಿನವು ಈ ಜಾತಿಯವು. ಅವು ದಿನವಿಡೀ ಓಡಲೆಂದೇ ಕಚೇರಿಗಾಗಿ ಮಾಡಿದ ಯಂತ್ರಗಳು, ಎಸಿ ಕೋಣೆಯಲ್ಲಿ ಇದ್ದು ಬಂದವು. ಬಿಡಿಭಾಗಗಳೂ ಸಿಗುತ್ತವೆ. ಹೆಸರಿಲ್ಲದ ಭಾಗಗಳನ್ನು ಜೋಡಿಸಿ ಕೊಡುವ "ಹೊಸ" ಯಂತ್ರಕ್ಕಿಂತ ಇವು ನಂಬಿಕೆಯವು.

ಕೊಳ್ಳಲು ಹೋಗುವುದು ಎಲ್ಲಿಗೆ? ಮುಂಬಯಿಯಲ್ಲಿ ಇದಕ್ಕೆ ಲ್ಯಾಮಿಂಗ್ಟನ್ ರಸ್ತೆ. ಫಲಕದಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದೆ, ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಸಯನ್‌ನಿಂದ ದಾದರಿಗೆ ಹೋಗಿ, ಅಲ್ಲಿ ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದರೆ ನಡೆಯುವ ದೂರ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮೊದಲ ದಿನ ಕೊಳ್ಳಲು ಹೋಗಬೇಡಿ, ಕೇಳಲು ಹೋಗಿ. ಮೂರು ಅಂಗಡಿಗಳಲ್ಲಿ ಒಂದೇ ಸಂಖ್ಯೆಯ ಯಂತ್ರದ ಬೆಲೆ ಕೇಳಿ ಬರೆದುಕೊಂಡು ಬನ್ನಿ. ಹೋದ ವರ್ಷ ನೆರೆಮನೆಯವನು ಕೊಟ್ಟ ಬೆಲೆಯನ್ನು ಹಿಡಿದುಕೊಂಡು ಜಗಳಾಡಬೇಡಿ. ಕೃತಕ ಬುದ್ಧಿಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಜಗತ್ತಿನ ಮೆಮರಿ ಚಿಪ್ಪುಗಳೆಲ್ಲ ಹರಿದುಹೋಗುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಮೇಲಕ್ಕೆ ಹಾರಿತು. ಅಮೆರಿಕದ ಶ್ರೀಮಂತರ ಪೈಪೋಟಿ ಸಯನ್ನಿನ ಖಾನಾವಳಿಯವನ ಜೇಬಿಗೆ ಬಂತು.

ಅಂಗಡಿಯಲ್ಲಿ ಯಂತ್ರವನ್ನು ನಿಮ್ಮ ಎದುರಿಗೆ ಚಾಲೂ ಮಾಡಿಸಿ. ಸೆಟ್ಟಿಂಗ್ಸ್ ಎಂಬಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ಎಂದಿದೆ. ಚಿಪ್ಪಿನ ಪೂರ್ತಿ ಸಂಖ್ಯೆಯೂ ರ‍್ಯಾಮ್ ಎಷ್ಟೆಂಬುದೂ ಅಲ್ಲಿ ಕಾಣಿಸುತ್ತದೆ. ಅಲ್ಲಿಯೇ ಆಕ್ಟಿವೇಶನ್ ಎಂಬ ಜಾಗದಲ್ಲಿ ವಿಂಡೋಸಿಗೆ ಪರವಾನಗಿ ಇದೆಯೇ ಎಂದು ನೋಡಿ. ಇನ್ನೂರು ರೂಪಾಯಿಗೆ ಹಾಕಿಕೊಡುತ್ತೇವೆ ಎನ್ನುವ ಕಳ್ಳ ವಿಂಡೋಸಿನ ಜೊತೆಗೆ ಇನ್ನೇನು ಒಳಗೆ ಬಂದು ಕುಳಿತಿದೆಯೋ ಹೇಳಬರುವುದಿಲ್ಲ. ಟ್ಯಾಕ್ಸಿ ಕೊಳ್ಳುವವನು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವಂತೆ, ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಉಚಿತ ತಂತ್ರಾಂಶಗಳಿವೆ, ಅದನ್ನು ತೋರಿಸಲು ಹೇಳಿ. ಯುಎಸ್‌ಬಿ ಕಿಂಡಿಗಳಲ್ಲಿ ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ ನೋಡಿ. ಅರ್ಧ ಗಂಟೆ ಓಡಲು ಬಿಟ್ಟು, ನೀವು ಚಹಾ ಕುಡಿದು ಬನ್ನಿ. ಫ್ಯಾನು ಗೊರಗೊರ ಎನ್ನುತ್ತಿದ್ದರೆ ಬೇರೆಯದನ್ನು ತೋರಿಸಲು ಹೇಳಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಒಂದು ಕಿಲೋ ಬದನೆಕಾಯಿಗೆ ಭಾಯಖಳಾ ಮಾರ್ಕೆಟಿನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ನಿಂತವರು ನಾವು.

ಬಿಲ್ಲು ಬೇಕೇಬೇಕು. ಅದರಲ್ಲಿ ಯಂತ್ರದ ಸೀರಿಯಲ್ ಸಂಖ್ಯೆ, ಚಿಪ್ಪಿನ ಸಂಖ್ಯೆ, ಹಳೆಯದು ಎಂಬ ಮಾತು, ಎಷ್ಟು ತಿಂಗಳ ವಾರಂಟಿ ಎಂಬುದು ಬರೆದಿರಬೇಕು. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಆ ಕಡಿಮೆ ನಾಳೆ ನಿಮಗೇ ಹೆಚ್ಚಾಗುತ್ತದೆ. ವ್ಯಾಪಾರಕ್ಕೆ ಕೊಂಡವರಿಗೆ ಗ್ರಾಹಕರ ಕಾನೂನು ಇಲ್ಲ ಎಂದು ಹೆದರಿಸುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡ ವಸ್ತುವನ್ನು ವ್ಯಾಪಾರದ ಉದ್ದೇಶದ್ದೆಂದು ಎಣಿಸತಕ್ಕದ್ದಲ್ಲ ಎಂದು ಸ್ಪಷ್ಟವಾಗಿದೆ. ಗಲ್ಲೆಯಲ್ಲಿ ತಾನೇ ಕುಳಿತು, ತಾನೇ ಬಡಿಸುವವನು ಅಂಥವನು. 1915 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಐದು ಲಕ್ಷದವರೆಗಿನ ಸಾಮಾನಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಇನ್ನು ಹಣದ ಮಾತು. ಕಂಪ್ಯೂಟರಿನ ಮೇಲೆ ಜಿಎಸ್‌ಟಿ ನೂರಕ್ಕೆ 18. "ಅದು ನಿಮಗೆ ವಾಪಸು ಬರುತ್ತದಲ್ಲ" ಎಂದು ಅಂಗಡಿಯವನು ಹೇಳುತ್ತಾನೆ. ಝೆರಾಕ್ಸ್ ಅಂಗಡಿಯವನು ಸಾಮಾನ್ಯ ಕ್ರಮದಲ್ಲಿ ನೋಂದಾಯಿಸಿದ್ದರೆ ತನ್ನ ತೆರಿಗೆಯಲ್ಲಿ ಅದನ್ನು ಕಳೆಯಬಹುದು, ನಿಜ. ನೂರಕ್ಕೆ 5ರಂತೆ ತೆರಿಗೆ ಕೊಡುವ ಖಾನಾವಳಿಯವನಿಗೆ ಹಾಗೆ ಕಳೆಯುವ ಹಕ್ಕಿಲ್ಲ. 18 ಸೇರಿಸಿಯೇ ನಿಮ್ಮ ಖರ್ಚು ಎಂದು ಲೆಕ್ಕ ಹಾಕಿ. ಪರದೆ, ಯುಪಿಎಸ್, ಬಿಲ್ಲಿನ ಪ್ರಿಂಟರು ಇವು ಹೇಳಿದ ಬೆಲೆಯಲ್ಲಿ ಸೇರಿವೆಯೇ ಎಂದೂ ಕೇಳಿ. ಬಹಳ ಸಲ ಸೇರಿರುವುದಿಲ್ಲ.

ಕಂತಿನ ಮೇಲೆ ಕೊಳ್ಳುವವರು ಒಂದು ಗುಣಾಕಾರ ಮಾಡಿ ನೋಡಬೇಕು. ಮೂವತ್ತು ಸಾವಿರದ ಯಂತ್ರ, ತಿಂಗಳಿಗೆ 2,900ರಂತೆ ಹನ್ನೆರಡು ಕಂತು ಎಂದಿಟ್ಟುಕೊಳ್ಳಿ. ಒಟ್ಟು 34,800. ಹೆಚ್ಚಿಗೆ ಕೊಟ್ಟದ್ದು 4,800, ನೂರಕ್ಕೆ 16 ಎಂದು ಕಾಣುತ್ತದೆ. ಆದರೆ ಅಸಲು ತಿಂಗಳು ತಿಂಗಳಿಗೆ ತೀರುತ್ತಾ ಬರುತ್ತದೆಯಲ್ಲ? ಪೂರ್ತಿ ಮೂವತ್ತು ಸಾವಿರ ನಿಮ್ಮ ಕೈಯಲ್ಲಿ ವರ್ಷವಿಡೀ ಇರಲೇ ಇಲ್ಲ. ಹಾಗಾಗಿ ನಿಜವಾದ ಬಡ್ಡಿ ವರ್ಷಕ್ಕೆ ನೂರಕ್ಕೆ 28ರ ಹತ್ತಿರ ಬೀಳುತ್ತದೆ. ಬಡ್ಡಿಯೇ ಇಲ್ಲ ಎಂದು ಬೋರ್ಡು ಹಾಕಿದವರಲ್ಲಿ, ರೊಕ್ಕ ಎಣಿಸಿ ಕೊಟ್ಟರೆ ಎಷ್ಟು ಎಂದು ಮೊದಲು ಕೇಳಿ. ಆಗ ಬಡ್ಡಿ ಎಲ್ಲಿ ಅಡಗಿದೆ ಎಂಬುದು ಹೊರಗೆ ಬರುತ್ತದೆ. ಸಾಲವೇ ಬೇಕಾದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು ಎಂಬ ವರ್ಗಕ್ಕೆ 50,000 ರೂಪಾಯಿಯವರೆಗೆ ಅಡವಿಲ್ಲದೆ ಸಾಲ ಕೊಡುವ ಕ್ರಮವಿದೆ. ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲೇ ಕೇಳಿ, ನಡುವೆ ದಲ್ಲಾಳಿ ಬೇಡ.

ಮನೆಗೆ ತಂದ ಮೇಲೆ ಎಲ್ಲಿ ಇಡುತ್ತೀರಿ ಎಂಬುದು ಎಂಥದ್ದನ್ನು ತಂದಿರಿ ಎಂಬಷ್ಟೇ ಮುಖ್ಯ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ, ಅವನು ಹೋಟೆಲಿನಲ್ಲಿ ದುಡಿದವನಲ್ಲ. ಯಂತ್ರದೊಳಗಿನ ಫ್ಯಾನು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಗಾಳಿಯೆಂದರೆ ದೋಸೆ ಕಾವಲಿಯ ಎಣ್ಣೆಹೊಗೆ, ಮೈದಾ ಹಿಟ್ಟಿನ ಧೂಳು. ಎಣ್ಣೆಯ ಮೇಲೆ ಧೂಳು ಕುಳಿತು ಒಳಗೆ ಕಂಬಳಿಯಂತೆ ಪದರ ಕಟ್ಟುತ್ತದೆ, ಬಿಸಿ ಹೊರಗೆ ಹೋಗದೆ ಯಂತ್ರ ತಾನಾಗಿ ಆರಿಹೋಗುತ್ತದೆ. ಯಂತ್ರವನ್ನು ಅಡಿಗೆಯ ಕೋಣೆಯಿಂದ ಸಾಧ್ಯವಾದಷ್ಟು ದೂರ, ಎಕ್ಸಾಸ್ಟ್ ಫ್ಯಾನಿನ ಗಾಳಿಯ ದಾರಿಗೆ ಬಾರದಂತೆ ಇಡಿ. ಮೂರು ತಿಂಗಳಿಗೊಮ್ಮೆ ವಯರು ತೆಗೆದು, ಮುಚ್ಚಳ ಬಿಚ್ಚಿ, ಒಣ ಬ್ರಷ್ಷಿನಿಂದ ಧೂಳು ತೆಗೆಯಿಸಿ. ಪ್ಲಾಸ್ಟಿಕ್ ಹೊದಿಕೆಯನ್ನು ಯಂತ್ರ ಓಡುವಾಗ ಹಾಕಬೇಡಿ. ಕೆಲವರು ದೇವರಿಗೆ ಹಾಕಿದಂತೆ ಯಂತ್ರಕ್ಕೂ ಹೂವಿನ ಮಾಲೆ ಹಾಕಿ, ಗಾಳಿಯ ಕಿಂಡಿಗೇ ಊದುಬತ್ತಿ ಹಚ್ಚುತ್ತಾರೆ. ಭಕ್ತಿ ಇರಲಿ, ಊದುಬತ್ತಿ ಒಂದು ಮೊಳ ದೂರ ಇರಲಿ.

ಮತ್ತು ಮಳೆ. ಗಾಂಧಿ ಮಾರ್ಕೆಟಿನ ಬಳಿ, ಸಯನ್ನಿನ ತಗ್ಗಿನ ರಸ್ತೆಗಳಲ್ಲಿ ಜೋರು ಮಳೆಗೆ ನೀರು ನಿಲ್ಲುವುದು ನಿಮಗೆಲ್ಲ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಹಿರಿಯರು ಮರೆತಿಲ್ಲ. ನೆಲದ ಮೇಲೆ ಕಂಪ್ಯೂಟರ್ ಪೆಟ್ಟಿಗೆ ಇಡುವುದು ನಮ್ಮ ಊರಿನ ಈ ಭಾಗಕ್ಕೆ ಸಲ್ಲದು. ಗೋಡೆಗೆ ಎರಡೂವರೆ ಅಡಿ ಎತ್ತರದಲ್ಲಿ ಹಲಗೆ ಹೊಡೆಸಿ ಅದರ ಮೇಲೆ ಇಡಿ. ವಯರಿನ ಬೋರ್ಡೂ ಮೇಲೆಯೇ ಇರಲಿ. ಜೊತೆಗೆ 600 ವಿಎ ಯುಪಿಎಸ್ ಒಂದು. ಮುಂಬಯಿಯಲ್ಲಿ ಕರೆಂಟು ಹೋಗುವುದೇ ಇಲ್ಲ ಎನ್ನುತ್ತಿದ್ದೆವು. 2020ರ ಅಕ್ಟೋಬರ್ 12ರಂದು ಇಡೀ ನಗರ ನಿಂತುಹೋಯಿತು. ಲೆಕ್ಕ ಮುಚ್ಚಿ ಯಂತ್ರವನ್ನು ಸರಿಯಾಗಿ ಆರಿಸಲು ಕೆಲವು ನಿಮಿಷ ಸಿಕ್ಕರೆ ಸಾಕು.

ಬಿಲ್ಲಿನ ತಂತ್ರಾಂಶದ ಬಗ್ಗೆ ಒಂದು ಎಚ್ಚರಿಕೆ. ವರ್ಷಕ್ಕಿಷ್ಟು ಎಂದು ಬಾಡಿಗೆ ಕೊಡುವ ತಂತ್ರಾಂಶಗಳು ಈಗ ಹೆಚ್ಚು. ನಮ್ಮ ಸದಸ್ಯರೊಬ್ಬರು ಒಂದು ವರ್ಷ ಬಾಡಿಗೆ ಕಟ್ಟಲಾಗದೆ ಬಿಟ್ಟಾಗ, ಅವರದೇ ಮೂರು ವರ್ಷದ ಲೆಕ್ಕ ಅವರಿಗೇ ತೆರೆಯಲಿಲ್ಲ. ಚಾಳಿನ ಖೋಲಿಯ ಬಾಡಿಗೆ ತಪ್ಪಿದರೆ ಮಾಲಿಕ ಬೀಗ ಹಾಕಿದಂತೆ ಇದು. ಕೊಳ್ಳುವ ಮೊದಲೇ, "ನಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್ ಹಾಳೆಯಾಗಿ ಹೊರಗೆ ತೆಗೆಯಬಹುದೇ?" ಎಂದು ಕೇಳಿ, ತೆಗೆದು ತೋರಿಸಲು ಹೇಳಿ. ಅರವತ್ತು ಗಿರಾಕಿಗಳ ಖಾನಾವಳಿಗೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದ ಲೆಕ್ಕದ ಹಾಳೆಯೇ ಸಾಕು. ಸಂಕೇತಪದ ನಿಮ್ಮ ಬಳಿ ಇರಲಿ, ಹಾಕಿಕೊಟ್ಟ ಹುಡುಗನ ಬಳಿ ಮಾತ್ರ ಅಲ್ಲ. ವಾರಕ್ಕೊಮ್ಮೆ ಲೆಕ್ಕವನ್ನು ಎರಡು ಪೆನ್‌ಡ್ರೈವಿಗೆ ತೆಗೆದು, ಒಂದನ್ನು ಅಂಗಡಿಯಲ್ಲಿಯೂ ಒಂದನ್ನು ಮನೆಯಲ್ಲಿಯೂ ಇಡಿ. ಶಾಖದಿಂದ ಮುದ್ರಿಸುವ ಬಿಲ್ಲಿನ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಏಳು ವರ್ಷ ಕಾಯಬೇಕಾದ ಲೆಕ್ಕವನ್ನು ಅದರ ಭರವಸೆಯ ಮೇಲೆ ಬಿಡಲಾಗದು. ಕಿರಾಣಿಯವನು ಕೊಟ್ಟ ಅಂಥ ಬಿಲ್ಲುಗಳ ಫೋಟೋ ತೆಗೆದು ಯಂತ್ರದಲ್ಲಿ ಇಡಿ.

ಕನ್ನಡ ಬರೆಯಬಹುದೇ ಎಂದು ಹಲವರು ಕೇಳಿದ್ದಾರೆ. ಧಾರಾಳವಾಗಿ. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಕನ್ನಡದ ಅಕ್ಷರ, ಕೀಲಿಮಣೆ ಎರಡೂ ಹಣವಿಲ್ಲದೆ ಇವೆ. ನುಡಿ ಎಂಬ ತಂತ್ರಾಂಶವೂ ಉಚಿತ. ಕನ್ನಡದ ಕೀಲಿಮಣೆಗೆ ಸುಲಭವಾದ ವಿನ್ಯಾಸ ಕೊಟ್ಟ ಕೆ. ಪಿ. ರಾವ್ ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಮುಂಬಯಿಯಲ್ಲಿಯೂ ದುಡಿದವರು. ತಿಂಡಿಯ ಪಟ್ಟಿಯಲ್ಲಿ ಮರಾಠಿಯ ಜೊತೆಗೆ ಕನ್ನಡವನ್ನೂ ಹಾಕಿ, ಗೋಳಿಬಜೆ ಎಂದು ಓದಿದರೆ ಊರಿನವನೊಬ್ಬ ಒಳಗೆ ಬಂದಾನು.

ಕೊನೆಗೆ, ಸಂಘದ ಕಡೆಯಿಂದ ಒಂದು ಬೇಡಿಕೆ. ನಿಮ್ಮ ಬಳಿ ಕೆಲಸಕ್ಕಿರುವ ಎರಡು ಮೂರು ಹುಡುಗರ ಹಾಜರಿಯನ್ನೂ ಪಗಾರವನ್ನೂ ಓವರ್‌ಟೈಮನ್ನೂ ಅದೇ ಯಂತ್ರದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಚೀಟಿ ಮುದ್ರಿಸಿ ಅವರ ಕೈಗೆ ಕೊಡಿ. ನಾವು ಎಷ್ಟು ವರ್ಷ ದುಡಿದೆವು ಎಂಬುದಕ್ಕೆ ಒಂದು ತುಂಡು ಕಾಗದವಿಲ್ಲದೆ ಲೇಬರ್ ಕಚೇರಿಯ ಬಾಗಿಲಲ್ಲಿ ನಿಂತವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಕೈ ಎತ್ತಿಸಿ ನೋಡಬೇಕಾಗಿಲ್ಲ. ಊಟದ ಲೆಕ್ಕ ಇಡುವ ಹಾಳೆಯ ಪಕ್ಕದಲ್ಲಿಯೇ ಇನ್ನೊಂದು ಹಾಳೆ, ಅದಕ್ಕೆ ಹೊಸ ಖರ್ಚಿಲ್ಲ.

ಬರುವ ಬುಧವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಮೂರೂವರೆ ಗಂಟೆಗೆ, ನಾಲ್ಕೈದು ಮಂದಿ ಸೇರಿ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವರಿದ್ದೇವೆ. ಬರುವವರು ಸಯನ್ ಸ್ಟೇಷನ್ನಿನ ಟಿಕೇಟಿನ ಕಿಟಕಿಯ ಬಳಿ ನಿಂತಿರಿ. ಆಗಬೇಕಾದ ಕೆಲಸದ ಹಾಳೆಯನ್ನು ಬರೆದುಕೊಂಡು ಬನ್ನಿ. ಹಣವನ್ನು ಅಂದು ತರುವುದು ಬೇಡ.